ವಿಜಯನಗರ ಜಿಲ್ಲೆಯ ಪಶ್ಚಿಮ ತಾಲ್ಲೂಕುಗಳ ಸಿಹಿನೀರು ಮೀನುಗಾರಿಕೆ

ವಿಜಯನಗರ ಜಿಲ್ಲೆಯ ಪಶ್ಚಿಮ ತಾಲ್ಲೂಕುಗಳ ಸಿಹಿನೀರು ಮೀನುಗಾರಿಕೆ ಎಂದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ಹೊಳೆ, ಹಳ್ಳ, ಜಲಾಶಯ ಹಾಗೂ ಕೆರೆಗಳಲ್ಲಿ ಮೀನು ಹಿಡಿಯುವ ಮತ್ತು ಬೆಳೆಸುವ ಉದ್ಯೋಗ. ಮಳೆ ಕಡಿಮೆ ಬೀಳುವ ಈ ಸೀಮೆಯಲ್ಲಿ ಯಾವ ನೀರಿನಲ್ಲಿ ಯಾವ ಮೀನು ಎಷ್ಟು ದೊರೆಯುತ್ತದೆ ಎಂಬುದು ಮುಖ್ಯವಾಗಿ ಆ ನೀರು ವರ್ಷದಲ್ಲಿ ಎಷ್ಟು ತಿಂಗಳು ನಿಲ್ಲುತ್ತದೆ ಎಂಬುದರ ಮೇಲೆ ನಿಂತಿದೆ. ತುಂಗಭದ್ರಾ ನದಿ ಮತ್ತು ಅದರ ಜಲಾಶಯದ ಹಿನ್ನೀರು ವರ್ಷವಿಡೀ ಮೀನು ಕೊಡುವ ನೆಲೆಗಳು. ಮಾಲವಿ ಜಲಾಶಯ ಮತ್ತು ದೊಡ್ಡ ಕೆರೆಗಳು ಮಳೆ ಚೆನ್ನಾದ ವರ್ಷಗಳಲ್ಲಿ ಆಸರೆಯಾಗುತ್ತವೆ. ಸಣ್ಣ ಕೆರೆಕಟ್ಟೆಗಳಲ್ಲಿ ಬೆಳೆ ಕೆಲವೇ ತಿಂಗಳದು.

ವ್ಯಾಪ್ತಿ ಮತ್ತು ಭೂಸ್ವರೂಪ

ಈ ಐದೂ ತಾಲ್ಲೂಕುಗಳು 2021ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟು ರಚನೆಯಾದ ವಿಜಯನಗರ ಜಿಲ್ಲೆಗೆ ಸೇರಿವೆ. ಜಿಲ್ಲೆಯ ಆರನೆಯ ತಾಲ್ಲೂಕು ಹೊಸಪೇಟೆ. ಹರಪನಹಳ್ಳಿ 1997ರಿಂದ 2018ರವರೆಗೆ ದಾವಣಗೆರೆ ಜಿಲ್ಲೆಯಲ್ಲಿತ್ತು. ಕೊಟ್ಟೂರು ಮೊದಲು ಕೂಡ್ಲಿಗಿ ತಾಲ್ಲೂಕಿನ ಭಾಗವಾಗಿತ್ತು. ಹಳೆಯ ಬಳ್ಳಾರಿ ಜಿಲ್ಲೆಯ ಆಡಳಿತದ ಮಾತಿನಲ್ಲಿ ಇವುಗಳಿಗೆ ‘ಪಶ್ಚಿಮ ತಾಲ್ಲೂಕುಗಳು’ ಎಂಬ ಹೆಸರು ರೂಢಿಯಲ್ಲಿದೆ.

ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ಪಶ್ಚಿಮದ ಅಂಚಿನಲ್ಲಿ ತುಂಗಭದ್ರಾ ಹರಿಯುತ್ತದೆ. ಮೈಲಾರ, ಕುರುವತ್ತಿ, ಮದಲಘಟ್ಟ ಮೊದಲಾದ ಊರುಗಳು ಈ ಹೊಳೆಯ ದಂಡೆಯಲ್ಲಿವೆ. ಎದುರು ದಂಡೆಯ ಹಾವೇರಿ ಜಿಲ್ಲೆಯ ಗಳಗನಾಥದ ಬಳಿ ವರದಾ ನದಿ ಬಂದು ಸೇರುತ್ತದೆ. ಒಳನಾಡಿನ ನೀರನ್ನು ತರುವ ಚಿಕ್ಕಹಗರಿ ಹಳ್ಳ ಹಗರಿಬೊಮ್ಮನಹಳ್ಳಿ ತಾಲ್ಲೂಕನ್ನು ಹಾದು ತುಂಗಭದ್ರೆಯ ಕಡೆಗೆ ಹರಿಯುತ್ತದೆ. ಕೂಡ್ಲಿಗಿಯ ಪೂರ್ವ ಭಾಗದ ನೀರು ವೇದಾವತಿಯ, ಅಂದರೆ ದೊಡ್ಡ ಹಗರಿಯ ಕಡೆಗೆ ಇಳಿಯುತ್ತದೆ.

ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ, ಜರಿಮಲೆ ಸುತ್ತ ಬಂಡೆಗಲ್ಲಿನ ಗುಡ್ಡಗಳಿವೆ. ಹರಪನಹಳ್ಳಿ ತಾಲ್ಲೂಕಿನಲ್ಲಿ ಉಚ್ಚಂಗಿದುರ್ಗದ ಬೆಟ್ಟವಿದೆ. ಉಳಿದ ನೆಲ ಏರಿಳಿತದ ಬಯಲು. ಹೊಳೆಯ ಬದಿಗೆ ಎರೆಭೂಮಿ, ಗುಡ್ಡಗಳ ಕಡೆಗೆ ಕೆಂಪು ಮಸಾರಿ ನೆಲ. ಎರೆಭೂಮಿಯ ಕೆರೆಗಳಲ್ಲಿ ನುಣುಪಾದ ಮಣ್ಣು ಕರಗಿ ನೀರು ಬಹುಕಾಲ ಕಲಕಿದಂತಿರುತ್ತದೆ. ಮಸಾರಿ ನೆಲದ ಕೆರೆಗಳಲ್ಲಿ ಮಳೆ ನಿಂತ ಮೇಲೆ ನೀರು ಬೇಗ ತಿಳಿಯಾಗುತ್ತದೆ.

ಮೂಲ ಮತ್ತು ಬೆಳವಣಿಗೆ

ಇಲ್ಲಿಯ ಮೀನುಗಾರಿಕೆಗೆ ಎರಡು ಬೇರುಗಳಿವೆ. ಒಂದು ಹೊಳೆಯದು, ಇನ್ನೊಂದು ಕೆರೆಯದು. ಬೆಸ್ತರು, ಅಂಬಿಗರು, ಗಂಗಾಮತಸ್ಥರು ಎಂದು ಕರೆಯಲಾಗುವ ಸಮುದಾಯಗಳು ತುಂಗಭದ್ರೆಯ ದಂಡೆಯಲ್ಲಿ ಹರಿಗೋಲು ಹಾಕುವ ಮತ್ತು ಮೀನು ಹಿಡಿಯುವ ಕಸುಬನ್ನು ತಲೆಮಾರುಗಳಿಂದ ನಡೆಸಿಕೊಂಡು ಬಂದಿವೆ. ಕೆರೆಗಳು ನೀರಾವರಿಗಾಗಿ ಕಟ್ಟಿದವು. ವಿಜಯನಗರದ ಅರಸರ ಕಾಲದಲ್ಲೂ ಅನಂತರ ಹರಪನಹಳ್ಳಿ, ಗುಡೇಕೋಟೆ, ಜರಿಮಲೆಯ ಪಾಳೆಯಗಾರರ ಕಾಲದಲ್ಲೂ ಈ ಸೀಮೆಯಲ್ಲಿ ಕೆರೆ ಕಟ್ಟುವ ಕೆಲಸ ನಡೆಯಿತು. ಆಗ ಕೆರೆಯ ಮೀನು ಬಿತ್ತಿ ಬೆಳೆಸಿದ್ದಲ್ಲ. ಹೊಸನೀರಿನೊಡನೆ ಹಳ್ಳದಿಂದ ಏರಿ ಬಂದದ್ದು ಅಥವಾ ಕೆಸರಿನಲ್ಲಿ ಬದುಕುಳಿದದ್ದು.

ದೊಡ್ಡ ಬದಲಾವಣೆ ತಂದದ್ದು ತುಂಗಭದ್ರಾ ಅಣೆಕಟ್ಟು. 1945ರ ಫೆಬ್ರವರಿ 28ರಂದು ಶಂಕುಸ್ಥಾಪನೆಯಾದ ಈ ಅಣೆಕಟ್ಟಿನಲ್ಲಿ 1953ರಲ್ಲಿ ನೀರು ನಿಲ್ಲತೊಡಗಿತು. ಅದೇ ವರ್ಷದ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಕನ್ನಡ ತಾಲ್ಲೂಕುಗಳು ಮದರಾಸಿನಿಂದ ಮೈಸೂರು ರಾಜ್ಯಕ್ಕೆ ಸೇರಿದವು. ಅಣೆಕಟ್ಟಿನ ನಿರ್ವಹಣೆಗಾಗಿ ತುಂಗಭದ್ರಾ ಮಂಡಳಿ ಏರ್ಪಟ್ಟಿತು. ನೀರಾವರಿ ಮತ್ತು ವಿದ್ಯುತ್ತಿನ ಜೊತೆಗೆ ಮೀನುಮರಿ ಸಾಕಣೆ, ಬಲೆ ತಯಾರಿಕೆ, ಮಂಜುಗಡ್ಡೆ ತಯಾರಿಕೆಯ ಘಟಕಗಳನ್ನೂ ಮಂಡಳಿ ನಡೆಸಿತು. ನಾರಾಯಣದೇವರಕೆರೆ ಸೇರಿದಂತೆ ಹಲವು ಊರುಗಳು ಮುಳುಗಡೆಯಾದವು. ವಿಜಯನಗರ ಕಾಲದ ವಲ್ಲಭಾಪುರ ಅಣೆಯೂ ನೀರಿನಡಿ ಸೇರಿತು. ಹರಿವ ಹೊಳೆ ಇದ್ದೆಡೆ ನಿಂತ ನೀರಿನ ವಿಸ್ತಾರ ಬಂದುದರಿಂದ ಮೀನುಗಳ ಜಾತಿ, ಬಲೆಗಳ ರೀತಿ, ಮೀನುಗಾರರ ವಸತಿ ಮೂರೂ ಬದಲಾದವು.

ಜಲಾಶಯ ತುಂಬಿದ ಆರಂಭದ ವರ್ಷಗಳಿಂದಲೇ ಕೇಂದ್ರೀಯ ಒಳನಾಡು ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಇಲ್ಲಿಯ ನೀರು ಮತ್ತು ಮೀನಿನ ಅಧ್ಯಯನ ನಡೆಸಿದರು. ಎ. ಡೇವಿಡ್ ಮತ್ತು ಸಹೋದ್ಯೋಗಿಗಳ ತುಂಗಭದ್ರಾ ಜಲಾಶಯದ ಜಲವಿಜ್ಞಾನ ಮತ್ತು ಮೀನುಗಾರಿಕೆ ಕುರಿತ ವರದಿ 1969ರಲ್ಲಿ ಆ ಸಂಸ್ಥೆಯಿಂದ ಪ್ರಕಟವಾಯಿತು. ದಕ್ಷಿಣ ಭಾರತದ ಜಲಾಶಯಗಳ ಮೀನುಗಾರಿಕೆಯ ಬಗ್ಗೆ ಹೊರಬಂದ ಮೊದಲ ವಿಸ್ತಾರವಾದ ಅಧ್ಯಯನಗಳಲ್ಲಿ ಅದೂ ಒಂದು.

ಕೆರೆಗಳಲ್ಲಿ ಮರಿ ಬಿತ್ತಿ ಮೀನು ಬೆಳೆಸುವ ಪದ್ಧತಿ ಬಲವಾಗಿ ಹರಡಿದ್ದು ಪ್ರೇರಿತ ಸಂತಾನೋತ್ಪತ್ತಿ ವಿಧಾನ ಬಂದ ಮೇಲೆ. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಮತ್ತು ಸಂಗಡಿಗರು ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಗೆಂಡೆ ಜಾತಿಯ ಮೀನುಗಳಿಂದ ಮೊಟ್ಟೆ ಇಡಿಸುವಲ್ಲಿ ಯಶಸ್ವಿಯಾದರು. ಹೊಳೆಯಿಂದ ಮರಿ ಹಿಡಿದು ತರುವ ಅಗತ್ಯ ಇದರಿಂದ ತಪ್ಪಿತು. ಸಾಕಣೆ ಕೇಂದ್ರದಿಂದಲೇ ಬಿತ್ತನೆ ಮರಿ ದೊರೆಯತೊಡಗಿತು.

ಜಲಮೂಲಗಳ ವಿಧಗಳು

ನದಿ. ಹರಪನಹಳ್ಳಿ ಮತ್ತು ಹಡಗಲಿ ಭಾಗದ ತುಂಗಭದ್ರೆಯಲ್ಲಿ ಬಂಡೆಗಳ ನಡುವಿನ ಹರಿವು, ಮರಳಿನ ಹಾಸು ಮತ್ತು ಆಳವಾದ ಮಡುಗಳು ಬದಲಾಗಿ ಬರುತ್ತವೆ. ಬೇಸಿಗೆಯಲ್ಲಿ ಹರಿವು ಸಣ್ಣದಾದಾಗ ದೊಡ್ಡ ಮೀನುಗಳು ಮಡುಗಳಿಗೆ ಸರಿಯುತ್ತವೆ. ಗರ್ಭಗುಡಿ ಬಳಿಯ ಸೇತುವೆ ಸಹಿತ ಬ್ಯಾರೇಜ್ ಮತ್ತು ಹಮ್ಮಿಗಿ ಬಳಿಯ ಸಿಂಗಟಾಲೂರು ಏತ ನೀರಾವರಿ ಬ್ಯಾರೇಜ್‌ಗಳ ಹಿಂದೆ ನಿಂತ ನೀರಿನಿಂದ ನದಿಯೊಳಗೇ ಹೊಸ ಮೀನುನೆಲೆಗಳಾಗಿವೆ. ಅದೇ ಬ್ಯಾರೇಜ್‌ಗಳು ಮೀನು ಮೇಲಕ್ಕೆ ಏರಿ ಹೋಗುವುದಕ್ಕೆ ತಡೆಯೂ ಆಗಿವೆ.

ಹಿನ್ನೀರು. ತುಂಗಭದ್ರಾ ಜಲಾಶಯದ ಪೂರ್ಣಮಟ್ಟ 1,633 ಅಡಿ. ಆ ಮಟ್ಟದಲ್ಲಿ ನೀರಿನ ಹರಹು ಸುಮಾರು 378 ಚದರ ಕಿ.ಮೀ. ಹಗರಿಬೊಮ್ಮನಹಳ್ಳಿ ಮತ್ತು ಹಡಗಲಿ ತಾಲ್ಲೂಕುಗಳ ಬದಿಯ ಹಿನ್ನೀರು ಆಳವಿಲ್ಲದ, ಅಗಲವಾದ ಭಾಗ. ನೀರು ಇಳಿದಂತೆ ಇಲ್ಲಿ ವಿಶಾಲವಾದ ನೆಲ ಹೊರಬೀಳುತ್ತದೆ. ಆ ನೆಲದಲ್ಲಿ ಹುಲ್ಲು ಬೆಳೆದು ದನ ಮೇಯುತ್ತವೆ. ಮರುವರ್ಷ ನೀರು ಏರಿದಾಗ ಈ ಹುಲ್ಲು ಮತ್ತು ಗೊಬ್ಬರ ಕೊಳೆತು ಸೂಕ್ಷ್ಮಜೀವಿಗಳಿಗೂ ಅವುಗಳ ಮೂಲಕ ಮೀನುಮರಿಗಳಿಗೂ ಆಹಾರವಾಗುತ್ತದೆ. ನದಿ ಜಲಾಶಯವನ್ನು ಸೇರುವ ಈ ಭಾಗ ಮರಿಗಳು ಬೆಳೆಯುವ ಮುಖ್ಯ ಜಾಗ.

ಮಾಲವಿ ಜಲಾಶಯ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಮಾಲವಿ ಬಳಿ ಚಿಕ್ಕಹಗರಿ ಹಳ್ಳಕ್ಕೆ ಕಟ್ಟಿದ ಮಧ್ಯಮ ಗಾತ್ರದ ಜಲಾಶಯ ಇದು. ಹಳ್ಳದ ಹರಿವನ್ನೇ ನಂಬಿರುವುದರಿಂದ ಮಳೆ ಕೈಕೊಟ್ಟ ವರ್ಷಗಳಲ್ಲಿ ತುಂಬುವುದಿಲ್ಲ. ಹಡಗಲಿ ತಾಲ್ಲೂಕಿನ ರಾಜವಾಳ ಬಳಿಯಿಂದ ತುಂಗಭದ್ರೆಯ ನೀರನ್ನು ಎತ್ತಿ ಇದನ್ನು ತುಂಬಿಸುವ ಯೋಜನೆ ಕೈಗೊಂಡದ್ದು ಈ ಕಾರಣಕ್ಕಾಗಿ.

ಬಯಲ ಕೆರೆಗಳು. ಕೊಟ್ಟೂರು ಕೆರೆ, ಹರಪನಹಳ್ಳಿಯ ಹಿರೆಕೆರೆ ಮತ್ತು ನಾಯಕನಕೆರೆ ಮೊದಲಾದವು ಈ ವರ್ಗದವು. ಉದ್ದನೆಯ ಏರಿ, ಅಗಲವಾದ ಅಂಗಳ, ಕಡಿಮೆ ಆಳ ಇವುಗಳ ಲಕ್ಷಣ. ಬಿಸಿಲು ತಳದವರೆಗೂ ತಲುಪುವುದರಿಂದ ಮೀನಿನ ಆಹಾರವಾದ ಪ್ಲವಕಗಳು ಹೇರಳವಾಗಿ ಬೆಳೆಯುತ್ತವೆ. ಆದರೆ ಆವಿಯಾಗಿ ಹೋಗುವ ನೀರೂ ಹೆಚ್ಚು.

ಗುಡ್ಡದ ಸೆರಗಿನ ಕೆರೆಗಳು. ಕೂಡ್ಲಿಗಿ ತಾಲ್ಲೂಕಿನ ಗಂಡಬೊಮ್ಮನಹಳ್ಳಿ ಕೆರೆ ಮತ್ತು ಗುಡೇಕೋಟೆಯ ಸುತ್ತಲಿನ ಕೆರೆಗಳು ಗುಡ್ಡಗಳಿಂದ ಇಳಿಯುವ ನೀರನ್ನು ಹಿಡಿಯುತ್ತವೆ. ಎರಡು ಗುಡ್ಡಗಳ ನಡುವೆ ಏರಿ ಹಾಕಿರುವಲ್ಲಿ ಏರಿಯ ಬುಡದಲ್ಲಿ ಆಳ ಹೆಚ್ಚು, ಹಿಂಭಾಗ ಬೇಗ ತೆಳುವಾಗುತ್ತದೆ. ಬಂಡೆಯ ಮೇಲಿಂದ ಬರುವ ನೀರಿನಲ್ಲಿ ಮಣ್ಣಿನ ಸಾರ ಕಡಿಮೆ. ಆದ್ದರಿಂದ ಇವು ಬಯಲ ಕೆರೆಗಳಿಗಿಂತ ತಿಳಿಯಾಗಿರುತ್ತವೆ, ಮೀನಿನ ಬೆಳವಣಿಗೆ ನಿಧಾನ. ಒಂದು ಜೋರು ಮಳೆಗೆ ನೀರು ರಭಸದಿಂದ ನುಗ್ಗಿ ಕೋಡಿ ಬೀಳುವ ಸಂಭವವಿರುವುದರಿಂದ ಬಿತ್ತಿದ ಮರಿ ಕೊಚ್ಚಿಹೋಗದಂತೆ ಕೋಡಿಗೆ ಜಾಲರಿ ಕಟ್ಟುವುದು ಇಲ್ಲಿ ಮುಖ್ಯ. ಗುಡೇಕೋಟೆ ಭಾಗದಲ್ಲಿ ಕರಡಿಧಾಮವಿದ್ದು, ಅದರೊಳಗಿನ ನೀರಿಗೆ ಅರಣ್ಯ ಇಲಾಖೆಯ ನಿಯಮಗಳು ಅನ್ವಯಿಸುತ್ತವೆ.

ಸಂರಕ್ಷಿತ ಕೆರೆ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆ 98.76 ಹೆಕ್ಟೇರ್ ವಿಸ್ತೀರ್ಣದ ಹಳೆಯ ನೀರಾವರಿ ಕೆರೆ. ಇದನ್ನು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಗಿದೆ. 2024ರ ಜನವರಿಯಲ್ಲಿ ಇದು ರಾಮ್ಸಾರ್ ಪಟ್ಟಿಗೆ ಸೇರಿತು. ರಾಮ್ಸಾರ್ ದಾಖಲೆಯಂತೆ ಇಲ್ಲಿ 41 ಜಾತಿಯ ಮೀನುಗಳಿವೆ. ಮೂವತ್ತು ಸಾವಿರಕ್ಕೂ ಹೆಚ್ಚು ನೀರುಹಕ್ಕಿಗಳು ಗೂಡುಕಟ್ಟುತ್ತವೆ ಅಥವಾ ರಾತ್ರಿ ತಂಗುತ್ತವೆ. ಬಣ್ಣದ ಕೊಕ್ಕರೆ, ನೀರುಕಾಗೆ, ಬೆಳ್ಳಕ್ಕಿಗಳು ಮರಿಗಳಿಗೆ ಉಣಿಸುವುದು ಮುಖ್ಯವಾಗಿ ಮೀನನ್ನೇ. ಒಂದೇ ಕೆರೆಯಲ್ಲಿ ಇಷ್ಟು ಜಾತಿಯ ಮೀನುಗಳಿರುವುದು ಈ ಸೀಮೆಯ ಕೆರೆಗಳು ಎಷ್ಟನ್ನು ಪೊರೆಯಬಲ್ಲವು ಎಂಬುದಕ್ಕೆ ಅಳತೆಗೋಲು.

ನೀರಿನ ಋತುಚಕ್ರ

ಮಲೆನಾಡಿನಲ್ಲಿ ಮುಂಗಾರು ಬಲಗೊಂಡ ಮೇಲೆ ತುಂಗಾ ಮತ್ತು ಭದ್ರಾ ನದಿಗಳ ನೀರು ಸಾಮಾನ್ಯವಾಗಿ ಜುಲೈಯಲ್ಲಿ ರಭಸದಿಂದ ಬರುತ್ತದೆ. ಸ್ಥಳೀಯ ಕೆರೆಗಳು ಇದನ್ನು ಅನುಸರಿಸುವುದಿಲ್ಲ. ಈ ಬಯಲಿಗೆ ಹೆಚ್ಚಿನ ಮಳೆ ಬೀಳುವುದು ಆಗಸ್ಟ್‌ನಿಂದ ಅಕ್ಟೋಬರ್ ನಡುವೆ. ಹೀಗಾಗಿ ಹೊಳೆ ತುಂಬಿ ಹರಿಯುವಾಗಲೂ ಐದಾರು ಹರದಾರಿ ದೂರದ ಕೆರೆ ಬರಿದಾಗಿರುವುದುಂಟು.

ಜಲಾಶಯ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಗರಿಷ್ಠ ಮಟ್ಟದಲ್ಲಿರುತ್ತದೆ. ಅನಂತರ ಕಾಲುವೆಗಳಿಗೆ ನೀರು ಬಿಟ್ಟಂತೆ ಇಳಿಯುತ್ತ ಮೇ ಹೊತ್ತಿಗೆ ಕನಿಷ್ಠ ಮಟ್ಟ ತಲುಪುತ್ತದೆ. ಬೇಸಿಗೆಯಲ್ಲಿ ಇಲ್ಲಿಯ ಗಾಳಿಯ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್‌ವರೆಗೂ ಏರುತ್ತದೆ. ಆಳವಿಲ್ಲದ ಕೆರೆಗಳ ನೀರು ಬೇಗ ಕಾಯುತ್ತದೆ. ಕಾದ ನೀರಿನಲ್ಲಿ ಕರಗಿದ ಆಮ್ಲಜನಕ ಕಡಿಮೆ. ರಾತ್ರಿಯೆಲ್ಲ ಪಾಚಿ ಮತ್ತು ಜಲಸಸ್ಯಗಳೂ ಆಮ್ಲಜನಕವನ್ನು ಬಳಸಿಕೊಳ್ಳುವುದರಿಂದ ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತವೆ. ಮೋಡ ಮುಸುಕಿದ ದಿನ ಹಸಿರುಗಟ್ಟಿದ ಕೆರೆಯಲ್ಲಿ ಮೀನು ಒಮ್ಮೆಲೇ ಸಾಯುವುದಕ್ಕೆ ಇದೇ ಸಾಮಾನ್ಯ ಕಾರಣ. ಗೆಂಡೆ ಜಾತಿಯ ಮೀನುಗಳಿಗೆ 25ರಿಂದ 32 ಡಿಗ್ರಿ ಉಷ್ಣತೆ ಮತ್ತು ಲೀಟರಿಗೆ 5 ಮಿಲಿಗ್ರಾಂಗಿಂತ ಹೆಚ್ಚು ಆಮ್ಲಜನಕ ಅನುಕೂಲ.

ನೀರು ನಿಲ್ಲುವ ಅವಧಿಯಿಂದ ಕೆರೆಗಳನ್ನು ಎರಡು ಬಗೆಯಾಗಿ ವಿಂಗಡಿಸುತ್ತಾರೆ. ವರ್ಷಪೂರ್ತಿ ನೀರಿರುವವು ದೀರ್ಘಾವಧಿ ಕೆರೆಗಳು. ಆರರಿಂದ ಎಂಟು ತಿಂಗಳು ನೀರಿರುವವು ಅಲ್ಪಾವಧಿ ಕೆರೆಗಳು. ಮೊದಲನೆಯದರಲ್ಲಿ ಮೀನು ಎರಡನೆಯ ವರ್ಷಕ್ಕೂ ಉಳಿದು ದೊಡ್ಡದಾಗುತ್ತದೆ. ಎರಡನೆಯದರಲ್ಲಿ ಬಿತ್ತನೆಗೆ ದೊಡ್ಡ ಮರಿಗಳನ್ನೇ ಆಯ್ದು ಅದೇ ಬೇಸಿಗೆಯಲ್ಲಿ ಪೂರ್ತಿ ಹಿಡಿಯಬೇಕಾಗುತ್ತದೆ.

ಮೀನುಗಳ ಜಾತಿಗಳು

ಇಲ್ಲಿ ದೊರೆಯುವ ಮೀನುಗಳನ್ನು ನಾಡಮೀನು, ಬಿತ್ತನೆ ಮೀನು, ಹೊರಗಿನಿಂದ ಬಂದು ನೆಲೆಯಾದ ಮೀನು ಎಂದು ಮೂರಾಗಿ ವಿಂಗಡಿಸಬಹುದು.

ನಾಡಮೀನುಗಳಲ್ಲಿ ಕೃಷ್ಣಾ ಕೊಳ್ಳಕ್ಕೆ ಸಹಜವಾದ ಗೆಂಡೆಗಳಿವೆ. ಲೇಬಿಯೊ ಫಿಂಬ್ರಿಯೇಟಸ್, ಲೇಬಿಯೊ ಕಲ್ಬಾಸು, ಹಿಪ್ಸೆಲೊಬಾರ್ಬಸ್ ಕೋಲಸ್ ಇವುಗಳಲ್ಲಿ ಮುಖ್ಯವಾದವು. ಹಿಪ್ಸೆಲೊಬಾರ್ಬಸ್ ಪುಲ್ಚೆಲ್ಲಸ್ ಎಂಬ ಶಾಸ್ತ್ರೀಯ ಹೆಸರಿನ ಹರಗಿ ಮೀನು ಜಲಸಸ್ಯ ತಿಂದು ದೊಡ್ಡದಾಗುವ ಜಾತಿ. ಹಿಂದೆ ತುಂಗಭದ್ರೆಯಲ್ಲಿ ಸಾಕಷ್ಟಿದ್ದ ಇದು ಈಗ ತೀರ ಅಪರೂಪವಾಗಿ, ಅಳಿವಿನ ತೀವ್ರ ಅಪಾಯದಲ್ಲಿರುವ ಜಾತಿಗಳ ಪಟ್ಟಿಯಲ್ಲಿದೆ. ಹರಿವ ನೀರಿನಲ್ಲಿ ಮೊಟ್ಟೆಯಿಡಲು ಮೇಲಕ್ಕೆ ಏರುವ ಇಂಥ ಮೀನುಗಳಿಗೆ ಅಣೆಕಟ್ಟು, ಬ್ಯಾರೇಜ್‌ಗಳಿಂದ ದಾರಿ ಕಡಿದುಹೋಗಿದೆ.

ಬೇಟೆಗಾರ ಮೀನುಗಳಲ್ಲಿ ವಲ್ಲಾಗೊ ಅಟ್ಟು ಎಂಬ ಶಾಸ್ತ್ರೀಯ ಹೆಸರಿನ ಬಾಳೆಮೀನು ಹೊಳೆ ಮತ್ತು ಹಿನ್ನೀರಿನದು. ಅಗಲ ಬಾಯಿಯ, ಉದ್ದ ಮೈಯ, ಹುರುಪೆಯಿಲ್ಲದ ಈ ಮೀನು ಬಹಳ ದೊಡ್ಡದಾಗಿ ಬೆಳೆಯುತ್ತದೆ. ಗಿರ್ಲು ಮೀನುಗಳಿಗೂ ಹುರುಪೆಯಿಲ್ಲ. ಅವುಗಳ ಈಜುರೆಕ್ಕೆಯ ಮುಳ್ಳು ಚುಚ್ಚಿದರೆ ತೀವ್ರ ನೋವಾಗುತ್ತದೆ. ಕೆರೆಗಳ ಬೆಲೆಬಾಳುವ ಮೀನು ಕೊರವ. ಇದರ ಶಾಸ್ತ್ರೀಯ ಹೆಸರು ಚನ್ನಾ ಸ್ಟ್ರಯಾಟಾ. ಇದು ಗಾಳಿಯನ್ನು ನೇರವಾಗಿ ಉಸಿರಾಡಬಲ್ಲದು. ಕೆರೆ ಬತ್ತಿದಾಗ ಹಸಿ ಕೆಸರಿನಲ್ಲಿ ಹುದುಗಿ ಬದುಕುತ್ತದೆ; ನೀರು ಬಂದ ಮೇಲೆ ಜೋಡಿಯಾಗಿ ಮರಿಗಳನ್ನು ಕಾಯುತ್ತದೆ. ಬತ್ತಿ ಬತ್ತಿ ತುಂಬುವ ಕೆರೆಗಳ ಈ ಸೀಮೆಗೆ ಇದರ ಬದುಕಿನ ರೀತಿ ಹೊಂದಿಕೊಂಡಿದೆ. ಚೇಳುಮೀನು ಮತ್ತು ಆನೆಮೀನುಗಳಿಗೂ ಗಾಳಿಯಲ್ಲಿ ಉಸಿರಾಡುವ ಗುಣವಿದೆ. ಚೇಳುಮೀನಿನ ಪಕ್ಕದ ಮುಳ್ಳು ವಿಷಯುಕ್ತ. ಚಪ್ಪಲಿಮೀನು, ಹಾವುಮೀನು ಹಾಗೂ ಪಕ್ಕೆ ಮೊದಲಾದ ಸಣ್ಣ ಮೀನುಗಳು ಕೆರೆ, ಕಾಲುವೆ, ಹಿನ್ನೀರು ಎಲ್ಲೆಡೆ ಸಿಗುತ್ತವೆ.

ಬಿತ್ತನೆ ಮೀನುಗಳಲ್ಲಿ ಕಾಟ್ಲಾ, ರೋಹು, ಮೃಗಾಲ ಪ್ರಮುಖ. ಇವು ಮೂಲತಃ ಗಂಗಾ ಬಯಲಿನ ಕಡೆಯವು. ಕಾಟ್ಲಾ ಮೇಲ್ಪದರದಲ್ಲಿ ಸೂಕ್ಷ್ಮ ಪ್ರಾಣಿಗಳನ್ನು ತಿನ್ನುತ್ತದೆ, ರೋಹು ನಡುನೀರಿನಲ್ಲಿ ಮೇಯುತ್ತದೆ, ಮೃಗಾಲ ತಳದ ಕೊಳೆತ ಪದಾರ್ಥಗಳನ್ನು ತಿನ್ನುತ್ತದೆ. ಮೂರೂ ಒಂದೇ ಕೆರೆಯಲ್ಲಿ ಪೈಪೋಟಿಯಿಲ್ಲದೆ ಬೆಳೆಯುವುದರಿಂದ ಮಿಶ್ರ ತಳಿ ಸಾಕಣೆಗೆ ಇವನ್ನು ಆರಿಸಲಾಯಿತು. ನಿಂತ ನೀರಿನಲ್ಲಿ ಇವು ಸಾಮಾನ್ಯವಾಗಿ ಮರಿ ಮಾಡುವುದಿಲ್ಲ. ಹೀಗಾಗಿ ಕೆರೆಗೆ ಪ್ರತಿವರ್ಷ ಹೊಸದಾಗಿ ಮರಿ ಬಿಡಬೇಕು.

ಹೊರದೇಶದಿಂದ ಬಂದವುಗಳಲ್ಲಿ ಸಾಮಾನ್ಯ ಗೆಂಡೆ, ಹುಲ್ಲುಗೆಂಡೆ, ಬೆಳ್ಳಿಗೆಂಡೆ ಮತ್ತು ಜಿಲೇಬಿ ಇವೆ. ಬೆಳ್ಳಿಗೆಂಡೆ ಮತ್ತು ಹುಲ್ಲುಗೆಂಡೆ 1959ರಲ್ಲಿ ಭಾರತಕ್ಕೆ ಬಂದವು. ಸಾಮಾನ್ಯ ಗೆಂಡೆ ಕೆರೆಯಲ್ಲೇ ಜಲಸಸ್ಯಗಳಿಗೆ ಮೊಟ್ಟೆ ಅಂಟಿಸಿ ಮರಿ ಮಾಡುತ್ತದೆ. ಜಿಲೇಬಿ ಎಂದು ಕರೆಯಲಾಗುವ ತಿಲಾಪಿಯಾ 1952ರಲ್ಲಿ ದೇಶಕ್ಕೆ ಬಂದಿತು. ಇದು ಮೊಟ್ಟೆಮರಿಗಳನ್ನು ಬಾಯಲ್ಲಿಟ್ಟು ಕಾಯುತ್ತದೆ, ವರ್ಷಕ್ಕೆ ಹಲವು ಸಲ ಮರಿ ಮಾಡುತ್ತದೆ. ಒಮ್ಮೆ ಕೆರೆ ಸೇರಿದರೆ ಸಂಖ್ಯೆ ವಿಪರೀತವಾಗಿ ಗಾತ್ರ ಕುಗ್ಗುತ್ತದೆ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಯನ್ನು ದೇಶದಲ್ಲಿ 2000ದಲ್ಲಿ ನಿಷೇಧಿಸಲಾಗಿದೆ. ನಾಡ ಮೀನುಗಳನ್ನು ಕಬಳಿಸುವ ಇದರ ಸ್ವಭಾವ ನಿಷೇಧಕ್ಕೆ ಕಾರಣ.

ಹಿಡಿಯುವ ಸಾಧನಗಳು

ಹರಿಗೋಲು. ಬಿದಿರಿನ ದಬ್ಬೆಗಳನ್ನು ದುಂಡಗೆ ಹೆಣೆದು ಹೊರಮೈಗೆ ಹಿಂದೆ ತೊಗಲು, ಈಗ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿದ ದೋಣಿ ಇದು. ಬಂಡೆಗಳ ನಡುವೆಯೂ ತೆಳುನೀರಿನಲ್ಲೂ ಸಾಗುವುದರಿಂದ ಹೊಳೆ ಮತ್ತು ಹಿನ್ನೀರು ಎರಡಕ್ಕೂ ಒಗ್ಗುತ್ತದೆ. ಹಿನ್ನೀರಿನಲ್ಲಿ ಜೋರು ಗಾಳಿಗೆ ಅಲೆ ಎದ್ದಾಗ ಇದನ್ನು ನೇರಕ್ಕೆ ನಡೆಸುವುದು ಕಷ್ಟ.

ಕಿವಿಬಲೆ. ನೀರಿನಲ್ಲಿ ಗೋಡೆಯಂತೆ ನಿಲ್ಲಿಸುವ ನೈಲಾನ್ ಬಲೆ. ತಲೆ ತೂರಿಸಿದ ಮೀನಿನ ಕಿವಿರು ಕಣ್ಣಿಗೆ ಸಿಕ್ಕಿಕೊಳ್ಳುತ್ತದೆ. ಸಂಜೆ ಹಾಕಿ ನಸುಕಿಗೆ ಎತ್ತುವುದು ರೂಢಿ. ಕಣ್ಣಿನ ಅಳತೆಯೇ ಯಾವ ಗಾತ್ರದ ಮೀನು ಬೀಳುತ್ತದೆ ಎಂಬುದನ್ನು ನಿರ್ಧರಿಸುತ್ತದೆ.

ಬೀಸುಬಲೆ. ಒಬ್ಬನೇ ದಂಡೆಯಿಂದ ಅಥವಾ ಹರಿಗೋಲಿನಿಂದ ಬೀಸುವ, ಅಂಚಿಗೆ ಸೀಸದ ಗುಂಡು ಕಟ್ಟಿದ ದುಂಡುಬಲೆ. ತೆಳುನೀರಿಗೆ, ತೂಬಿನ ಹೊರಭಾಗಕ್ಕೆ, ಕೋಡಿಯ ಕೆಳಗಿನ ಗುಂಡಿಗಳಿಗೆ ತಕ್ಕದ್ದು.

ಎಳೆಬಲೆ ಮತ್ತು ಅಲಿವಿ. ಎಳೆಬಲೆಯನ್ನು ಹಲವರು ಕೂಡಿ ಕೆರೆಗೆ ಅಡ್ಡಲಾಗಿ ಎಳೆಯುತ್ತಾರೆ. ಬೇಸಿಗೆಯಲ್ಲಿ ಕೆರೆಯ ಮೀನು ಒಟ್ಟಿಗೆ ಹಿಡಿಯುವುದು ಇದರಿಂದಲೇ. ತುಂಗಭದ್ರಾ ಜಲಾಶಯದಲ್ಲಿ ಬಳಕೆಗೆ ಬಂದ ಅಲಿವಿ ಬಹಳ ಉದ್ದದ, ಅತಿ ಸಣ್ಣ ಕಣ್ಣಿನ ದಂಡೆಬಲೆ. ಒಣಗಿಸಿ ಮಾರುವ ಸಣ್ಣ ಮೀನುಗಳಿಗಾಗಿ ಇದನ್ನು ಎಳೆಯುತ್ತಾರೆ. ದೊಡ್ಡ ಜಾತಿಗಳ ಮರಿಗಳೂ ಇದರಲ್ಲಿ ಸಿಕ್ಕಿ ನಾಶವಾಗುವುದನ್ನು ಸಂಶೋಧಕರು ದಾಖಲಿಸಿದ್ದಾರೆ.

ಗಾಳ ಮತ್ತು ಕೂಳಿ. ಎರೆಹುಳು, ಹಿಟ್ಟಿನ ಉಂಡೆ ಸಿಕ್ಕಿಸಿದ ಕಡ್ಡಿಗಾಳಕ್ಕೆ ಗೆಂಡೆ, ಜಿಲೇಬಿ, ಗಿರ್ಲು ಬೀಳುತ್ತವೆ. ಜೀವಂತ ಸಣ್ಣ ಮೀನು ಅಥವಾ ಕಪ್ಪೆಮರಿಯನ್ನು ಸಿಕ್ಕಿಸಿದರೆ ಕೊರವ, ಬಾಳೆ ಬೀಳುತ್ತವೆ. ಉದ್ದ ಹಗ್ಗಕ್ಕೆ ಹಲವು ಗಾಳ ಕಟ್ಟಿ ರಾತ್ರಿಯಿಡೀ ಬಿಡುವ ಸಾಲುಗಾಳವೂ ಉಂಟು. ಹರಿವ ನೀರಿಗೆ ಅಡ್ಡಲಾಗಿ ಇಡುವ ಬಿದಿರಿನ ಬುಟ್ಟಿ ಕೂಳಿ.

ಋತುವಿಗೆ ತಕ್ಕ ಮೀನು

ಜೂನ್‌ನಿಂದ ಆಗಸ್ಟ್. ಹೊಸನೀರು ಬರುವ, ಮೀನು ಮೊಟ್ಟೆಯಿಡುವ ಕಾಲ. ಹೊಳೆ ಕೆಂಪಾಗಿ ರಭಸದಿಂದ ಹರಿಯುವುದರಿಂದ ಹರಿಗೋಲು ಇಳಿಸುವುದು ಅಪಾಯಕರ. ಬಾಳೆ ಮತ್ತು ನಾಡಗೆಂಡೆಗಳು ಏರುಮುಖವಾಗಿ ಹೊರಡುತ್ತವೆ. ಮೊಟ್ಟೆ ತುಂಬಿದ ಮೀನನ್ನು ಹಿಡಿದರೆ ಮುಂದಿನ ವರ್ಷದ ಮೀನು ಕಡಿಮೆಯಾಗುತ್ತದೆ. ಮೀನುಗಾರಿಕೆ ಇಲಾಖೆ ಈ ಅವಧಿಯಲ್ಲಿ ಹಿಡಿಯುವುದನ್ನು ನಿರ್ಬಂಧಿಸುವುದು ಅದಕ್ಕಾಗಿ.

ಸೆಪ್ಟೆಂಬರ್‌ನಿಂದ ನವೆಂಬರ್. ಜಲಾಶಯ ತುಂಬಿ ನೀರು ಹರಡಿಕೊಂಡಿರುವುದರಿಂದ ಮೀನು ಚದುರಿರುತ್ತದೆ, ಬಲೆಗೆ ಬೀಳುವುದು ಕಡಿಮೆ. ಕೆರೆಗಳಿಗೆ ಮರಿ ಬಿಡುವ ಕೆಲಸ ಈ ಹೊತ್ತಿನಲ್ಲಿ ಮುಗಿಯುತ್ತದೆ. ಕೋಡಿಯ ಕೆಳಗೆ, ಕಾಲುವೆಗಳಲ್ಲಿ ಸಣ್ಣ ಮೀನು ದೊರೆಯುತ್ತದೆ.

ಡಿಸೆಂಬರ್‌ನಿಂದ ಫೆಬ್ರವರಿ. ನೀರು ತಿಳಿಯಾಗಿ ತಂಪಾಗುತ್ತದೆ. ಗೆಂಡೆಗಳು ಆಹಾರ ತೆಗೆದುಕೊಳ್ಳುವುದು ಕಡಿಮೆಯಾಗುತ್ತದೆ. ಗಾಳಕ್ಕೆ ಬಿಸಿಲೇರಿದ ಹೊತ್ತು ಅನುಕೂಲ. ಹಿನ್ನೀರಿನಲ್ಲಿ ಕಿವಿಬಲೆಗೆ ಕಾಟ್ಲಾ, ರೋಹು ಬೀಳತೊಡಗುತ್ತವೆ.

ಮಾರ್ಚ್‌ನಿಂದ ಮೇ. ವರ್ಷದ ದೊಡ್ಡ ಸುಗ್ಗಿ. ನೀರು ಕುಗ್ಗಿ ಮೀನು ಒತ್ತೊತ್ತಾಗುತ್ತದೆ. ಹಿನ್ನೀರಿನಲ್ಲಿ ಕಾಟ್ಲಾ, ಬಾಳೆ, ಗಿರ್ಲು, ಸಾಮಾನ್ಯ ಗೆಂಡೆ ದೊರೆತರೆ ಹೊಳೆಯ ಮಡುಗಳಲ್ಲಿ ನಾಡಗೆಂಡೆಗಳೂ ಸಿಗುತ್ತವೆ. ಅಲ್ಪಾವಧಿ ಕೆರೆಗಳಲ್ಲಿ ಎಳೆಬಲೆ ಹಾಕಿ ಬಿತ್ತನೆ ಮೀನನ್ನೆಲ್ಲ ತೆಗೆಯುತ್ತಾರೆ. ಕೊನೆಗೆ ಉ​ಳಿಯುವ ಕೆಸರುನೀರಿನಲ್ಲಿ ಕೊರವ, ಚೇಳುಮೀನು ಕೈಗೆ ಸಿಗುತ್ತವೆ.

ಬಿತ್ತನೆ ಮತ್ತು ಆರೈಕೆ

ಸಾಕಣೆ ಕೇಂದ್ರಗಳಲ್ಲಿ ಮೊಟ್ಟೆಯೊಡೆದ ಸ್ಪಾನ್ ಹಂತದಿಂದ ಸಣ್ಣ ಮರಿ, ಅಲ್ಲಿಂದ ಬೆರಳುದ್ದದ ಮರಿ ಎಂದು ಹಂತಹಂತವಾಗಿ ಬೆಳೆಸುತ್ತಾರೆ. ಕೆರೆಗೆ ಬಿಡಲು ಬೆರಳುದ್ದದ ಮರಿಯೇ ಯೋಗ್ಯ. ಸಣ್ಣ ಮರಿಗಳನ್ನು ಕೊರವ, ಹಾವು, ನೀರುಹಕ್ಕಿಗಳು ತಿಂದುಹಾಕುತ್ತವೆ. ಸಣ್ಣ ಕೆರೆಗಳಿಗೆ ಹೆಕ್ಟೇರಿಗೆ ಸಾವಿರಗಳ ಲೆಕ್ಕದಲ್ಲಿ, ದೊಡ್ಡ ಜಲಾಶಯಗಳಿಗೆ ನೂರುಗಳ ಲೆಕ್ಕದಲ್ಲಿ ಮರಿ ಬಿಡುತ್ತಾರೆ. ಆಮ್ಲಜನಕ ತುಂಬಿದ ಪಾಲಿಥೀನ್ ಚೀಲವನ್ನು ಕೆಲಹೊತ್ತು ಕೆರೆಯ ನೀರಿನಲ್ಲೇ ತೇಲಿಬಿಟ್ಟು ಒಳಹೊರಗಿನ ಉಷ್ಣತೆ ಸಮವಾದ ಮೇಲೆ ಮರಿಗಳನ್ನು ಬಿಡುತ್ತಾರೆ. ಬೆಳಗಿನ ಅಥವಾ ಸಂಜೆಯ ತಂಪು ಹೊತ್ತು ಇದಕ್ಕೆ ಸರಿಯಾದ ವೇಳೆ.

ಕೊರವ ಮೊದಲಾದ ಮೀನುಗಳ ಮೈಮೇಲೆ ಹುಣ್ಣಾಗುವ ರೋಗ 1988ರಲ್ಲಿ ಭಾರತಕ್ಕೆ ಕಾಲಿಟ್ಟಿತು. ಚಳಿಗಾಲದಲ್ಲಿ ಇದು ಹೆಚ್ಚು. ಸಾಕಣೆ ಕೊಳಗಳಲ್ಲಿ ಸುಣ್ಣ ಹಾಕಿ ನೀರನ್ನು ಹದಗೊಳಿಸುವುದು ರೂಢಿಯ ಕ್ರಮ.

ಹಕ್ಕು, ಗುತ್ತಿಗೆ ಮತ್ತು ಕಾನೂನು

ದೊಡ್ಡ ಕೆರೆಗಳ ಪಾಶುವಾರು ಹಕ್ಕು, ಅಂದರೆ ಮೀನು ಹಿಡಿಯುವ ಹಕ್ಕು, ಮೀನುಗಾರಿಕೆ ಇಲಾಖೆಯದು, ಸಣ್ಣ ಕೆರೆಗಳದು ಗ್ರಾಮ ಪಂಚಾಯಿತಿಯದು. ಸಾಮಾನ್ಯವಾಗಿ ಐದು ವರ್ಷಗಳ ಅವಧಿಗೆ ಗುತ್ತಿಗೆ ನೀಡಲಾಗುತ್ತದೆ. ಮೀನುಗಾರರ ಸಹಕಾರ ಸಂಘಗಳಿಗೆ ಆದ್ಯತೆಯುಂಟು. ಗುತ್ತಿಗೆಯ ಕೆರೆಯಲ್ಲಿ ಗುತ್ತಿಗೆದಾರರ ಒಪ್ಪಿಗೆಯಿಲ್ಲದೆ ಮೀನು ಹಿಡಿಯುವಂತಿಲ್ಲ. ನದಿಯಲ್ಲಿ ಹಿಡಿಯಲು ಇಲಾಖೆಯ ಪರವಾನಗಿ ಬೇಕು.

ಸಿಡಿಮದ್ದು ಹಾಕಿ ಅಥವಾ ನೀರಿಗೆ ವಿಷ ಬೆರೆಸಿ ಮೀನು ಕೊಲ್ಲುವುದನ್ನು 1897ರ ಭಾರತೀಯ ಮೀನುಗಾರಿಕಾ ಅಧಿನಿಯಮವೇ ಅಪರಾಧವೆಂದಿದೆ. ಒಳನಾಡು ಮೀನುಗಾರಿಕೆಯ ಸಂರಕ್ಷಣೆ, ಅಭಿವೃದ್ಧಿ ಮತ್ತು ನಿಯಂತ್ರಣಕ್ಕಾಗಿ ಕರ್ನಾಟಕ 1996ರ ಪ್ರತ್ಯೇಕ ಅಧಿನಿಯಮವನ್ನು ಹೊಂದಿದೆ.

ಬಳಕೆ ಮತ್ತು ಮಾರಾಟ

ಹಿಡಿದ ಮೀನಿನ ಒಂದು ಭಾಗ ದಂಡೆಯಲ್ಲೇ ಮಾರಾಟವಾಗುತ್ತದೆ. ಇನ್ನೊಂದು ಭಾಗವನ್ನು ಮಂಜುಗಡ್ಡೆಯಲ್ಲಿಟ್ಟು ಹೊಸಪೇಟೆ ಮೊದಲಾದ ಪಟ್ಟಣಗಳ ಮಾರುಕಟ್ಟೆಗೆ ಸಾಗಿಸುತ್ತಾರೆ. ತಾಲ್ಲೂಕು ಕೇಂದ್ರಗಳ ವಾರದ ಸಂತೆಗಳಲ್ಲಿ ಹಸಿಮೀನಿನ ಜೊತೆ ಒಣಮೀನೂ ಮಾರಾಟಕ್ಕೆ ಬರುತ್ತದೆ. ಕೊರವ ಬಹುಹೊತ್ತು ಜೀವಂತವಾಗಿ ಉಳಿಯುವುದರಿಂದ ನೀರಿನ ತೊಟ್ಟಿಯಲ್ಲಿಟ್ಟು ಮಾರುತ್ತಾರೆ, ಬೆಲೆಯೂ ಹೆಚ್ಚು. ಮುಳ್ಳುಸಮೇತ ತಿನ್ನುವ ಸಣ್ಣ ಮೀನುಗಳು ಕ್ಯಾಲ್ಸಿಯಂ ಮತ್ತು ‘ಎ’ ಜೀವಸತ್ವದ ಅಗ್ಗದ ಮೂಲ. ಜೋಳದ ರೊಟ್ಟಿ, ಮುದ್ದೆ, ಅನ್ನದ ಜೊತೆ ಮೀನುಸಾರು ಮನೆಗಳಲ್ಲಿ ಸಾಮಾನ್ಯ.

ಸುರಕ್ಷತೆ

ತುಂಗಭದ್ರೆಯ ಮಡುಗಳಲ್ಲಿ ಮೊಸಳೆಗಳಿವೆ. ಸಂಜೆ ಮತ್ತು ನಸುಕಿನಲ್ಲಿ ನೀರಿಗಿಳಿಯುವುದು ಅಪಾಯಕರ. ಮರಳು ತೆಗೆದ ಗುಂಡಿಗಳು, ಕೆರೆಯ ಹೂಳು, ಬ್ಯಾರೇಜ್ ಗೇಟು ತೆರೆದಾಗ ಒಮ್ಮೆಲೇ ಏರುವ ನೀರು ಜೀವಹಾನಿಗೆ ಕಾರಣವಾಗಬಲ್ಲವು. ಮೇಲಿನ ಜಲಾಶಯಗಳಿಂದ ನೀರು ಬಿಡುವ ಮುನ್ನ ನದಿಪಾತ್ರದ ಊರುಗಳಿಗೆ ಎಚ್ಚರಿಕೆ ನೀಡಲಾಗುತ್ತದೆ.

ಇಂದಿನ ಸ್ಥಿತಿ

ತುಂಗಭದ್ರಾ ಜಲಾಶಯದ ಆರಂಭದ ಸಾಮರ್ಥ್ಯ ಸುಮಾರು 133 ಟಿಎಂಸಿ. ಹೂಳು ತುಂಬಿ ಅದೀಗ ಸುಮಾರು 105.79 ಟಿಎಂಸಿಗೆ ಇಳಿದಿದೆ. ಹೂಳು ಹೆಚ್ಚಾಗಿ ಕೂಡುವುದು ಹಿನ್ನೀರಿನ ಕಡೆಯಲ್ಲಿ. ಮೀನು ಬೇಸಿಗೆ ಕಳೆಯುವ ಆಳದ ಜಾಗಗಳು ಇದರಿಂದ ಕಡಿಮೆಯಾಗುತ್ತಿವೆ. ಇತ್ತೀಚಿನ ವರ್ಷಗಳಲ್ಲಿ ಜಲಾಶಯದ ನೀರು ಪಾಚಿಯಿಂದ ಹಸಿರಾಗುವುದು ಪದೇ ಪದೇ ಕಂಡುಬಂದಿದೆ. ಹೊಲಗಳ ಗೊಬ್ಬರ ಮತ್ತು ಊರುಗಳ ಕೊಳಚೆ ನೀರು ಸೇರುವುದು ಇಂಥ ಪಾಚಿಗೆ ಪೋಷಣೆ ಒದಗಿಸುತ್ತದೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋದಾಗ ಜಲಾಶಯದ ಮಟ್ಟವನ್ನು ಇಳಿಸಬೇಕಾಯಿತು. ತಾತ್ಕಾಲಿಕ ತಡೆ ಅಳವಡಿಸಿದ ಮೇಲೆ ಮತ್ತೆ ನೀರು ಸಂಗ್ರಹಿಸಲಾಯಿತು.

ಕೆರೆಗಳ ವಿಷಯದಲ್ಲಿ ಮುಖ್ಯ ಬೆಳವಣಿಗೆ ಹೊಳೆಯ ನೀರನ್ನು ಎತ್ತಿ ಕೆರೆ ತುಂಬಿಸುವ ಯೋಜನೆಗಳು. ಹರಪನಹಳ್ಳಿ ತಾಲ್ಲೂಕಿನ 60 ಕೆರೆಗಳಿಗೂ ಕೂಡ್ಲಿಗಿ ತಾಲ್ಲೂಕಿನ 74 ಕೆರೆಗಳಿಗೂ ತುಂಗಭದ್ರೆಯ ನೀರು ತುಂಬಿಸುವ ಯೋಜನೆಗಳನ್ನು ಸರ್ಕಾರ ಕೈಗೊಂಡಿದೆ. ಇವುಗಳ ಮೊದಲ ಉದ್ದೇಶ ಅಂತರ್ಜಲ ಮತ್ತು ಕುಡಿಯುವ ನೀರು. ನೀರು ನಿಲ್ಲುವ ತಿಂಗಳುಗಳು ಹೆಚ್ಚಿದಂತೆ ಅಲ್ಪಾವಧಿ ಕೆರೆಗಳು ದೀರ್ಘಾವಧಿಯವಾಗಿ ಮೀನು ಬೆಳೆಸಲು ಒದಗುತ್ತವೆ. ಹೊಳೆಯ ನೀರಿನೊಡನೆ ಹೊಳೆಯ ಮೀನಿನ ಮರಿಗಳೂ ಜಿಲೇಬಿಯಂಥ ಜಾತಿಗಳೂ ಕೆರೆ ಸೇರುವ ಸಾಧ್ಯತೆಯಿದ್ದು, ಕೆರೆಗಳ ಮೀನಿನ ಜಾತಿವಾರು ಸಮೀಕ್ಷೆ ಇದರಿಂದ ಅಗತ್ಯವಾಗುತ್ತದೆ.

ಕೇಂದ್ರ ಸರ್ಕಾರ 2020ರಲ್ಲಿ ಆರಂಭಿಸಿದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಡಿ ಕೊಳ ನಿರ್ಮಾಣ, ಪಂಜರ ಕೃಷಿ, ಸಾಗಾಣಿಕೆ ವಾಹನ, ವಿಮೆ ಮೊದಲಾದವುಗಳಿಗೆ ನೆರವು ದೊರೆಯುತ್ತದೆ. ಅಂಕಸಮುದ್ರದಲ್ಲಿ ಹಕ್ಕಿಗಳಿಗೆ, ಉಳಿದ ಕೆರೆಗಳಲ್ಲಿ ಜನರಿಗೆ, ಹೊಳೆಯಲ್ಲಿ ಇಬ್ಬರಿಗೂ ಮೀನು ಒದಗಬೇಕಾದರೆ ಮೂರು ಆಧಾರಗಳು ಗಟ್ಟಿಯಾಗಿರಬೇಕು: ಬೇಸಿಗೆಯವರೆಗೆ ಉಳಿಯುವ ನೀರು, ಸಕಾಲಕ್ಕೆ ಬಿಡುವ ಬೆರಳುದ್ದದ ಮರಿ, ಮೊಟ್ಟೆಯ ಕಾಲದಲ್ಲಿ ಬಲೆಗೆ ಬಿಡುವು.